ಬಾಗಿಲು ಹಾಕಿದ ಗಿರಣಿಯ ನೀರಿಗೆ ಯಾರು ಹೊಣೆ?

ನಮ್ಮ ಉಪ್ಪನ ಅಂಗಡಿಯಲ್ಲಿ ಒಂದು ನಿಯಮ ಇತ್ತು. ಡ್ರಮ್ಮಿಗೆ ಎಣ್ಣೆ ಸುರಿಯುವಾಗ ಮೇಲೆ ನಾಲ್ಕು ಬೆರಳು ಜಾಗ ಬಿಡಬೇಕು. ಹುಡುಗನಾಗಿದ್ದಾಗ ನಾನೊಮ್ಮೆ ಕಂಠಮಟ್ಟ ತುಂಬಿಸಿದೆ. ಡ್ರಮ್ಮು ಸರಿಸುವಾಗ ಎಣ್ಣೆ ಚೆಲ್ಲಿ ಒಂದು ಗೋಣಿ ಅಕ್ಕಿ ಹಾಳಾಯಿತು. ಉಪ್ಪ ಬೈಯಲಿಲ್ಲ. ಸಾಲದ ಪುಸ್ತಕದಲ್ಲಿ ನನ್ನ ಹೆಸರಿಗೆ ಆ ಅಕ್ಕಿಯ ದುಡ್ಡು ಬರೆದಿಟ್ಟರು. ಮುಂದೆ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ಆ ನಾಲ್ಕು ಬೆರಳಿಗೆ ‘ಫ್ರೀಬೋರ್ಡ್’ ಎಂಬ ಹೆಸರು ಉಂಟೆಂದು ತಿಳಿಯಿತು.

ಕೋಲಾರ ಚಿನ್ನದ ಗಣಿಯ ಸುದ್ದಿ ಓದುವಾಗ ನನಗೆ ಆ ಡ್ರಮ್ಮು ನೆನಪಾಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅದಿರು ಅರೆದು ಸಯನೈಡ್ ನೀರಿನಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಹುಡಿ ಅಲ್ಲೇ ಗುಡ್ಡವಾಗಿ ನಿಂತಿದೆ. ಊರವರು ಅದನ್ನು ಸಯನೈಡ್ ಗುಡ್ಡ ಎನ್ನುತ್ತಾರೆ. ಇಂಥ 13 ಗುಡ್ಡಗಳು, ಸುಮಾರು 3.3 ಕೋಟಿ ಟನ್ ಹುಡಿ. ಅದರಲ್ಲಿ ಇನ್ನೂ ಸ್ವಲ್ಪ ಚಿನ್ನ ಉಂಟು. 2024ರ ಜೂನ್‌ನಲ್ಲಿ ಸುಮಾರು 1,003 ಎಕರೆಯಲ್ಲಿರುವ ಈ ಗುಡ್ಡಗಳನ್ನು ಮತ್ತೆ ಅಗೆಯಲು ಕರ್ನಾಟಕ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು.

ನಾನು ಇದಕ್ಕೆ ವಿರೋಧಿಯಲ್ಲ. ಗಾಳಿ ಬೀಸಿದರೆ ಆ ಹುಡಿ ಮನೆಯೊಳಗೆ ಬರುತ್ತದೆ, ಮಳೆ ಬಂದರೆ ಕೊರೆದುಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಾಗೆಯೇ ಬಿಟ್ಟುಬಿಡುವುದೂ ಪರಿಹಾರವಲ್ಲ. ಅಲ್ಲಿಯ ಮಕ್ಕಳಿಗೆ ಕೆಲಸವೂ ಬೇಕು. ನನ್ನ ಪ್ರಶ್ನೆ ಒಂದೇ: ನೀರಿನ ಲೆಕ್ಕ ಎಲ್ಲಿ? ಎಷ್ಟು ಚಿನ್ನ ಸಿಗಬಹುದು ಎಂಬ ಮಾತು ಎಲ್ಲರ ಬಾಯಲ್ಲೂ ಉಂಟು. ನೀರು ಎಲ್ಲಿ ನಿಲ್ಲುತ್ತದೆ, ಹೆಚ್ಚಾದರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರೇ ಕಡಿಮೆ.

ಕೇಳಿದರೆ ‘ನೀರು ಹೊರಗೆ ಬಿಡುವುದೇ ಇಲ್ಲ, ಅದನ್ನೇ ತಿರುಗಿ ಬಳಸುತ್ತೇವೆ’ ಎಂಬ ಉತ್ತರ ಬರುತ್ತದೆ. ರೊಮೇನಿಯಾದ ಬಯಾ ಮಾರೆಯಲ್ಲೂ ಇದನ್ನೇ ಹೇಳಿದ್ದರು. ಅಲ್ಲಿಯೂ ಹಳೇ ಗಣಿಯ ಹುಡಿಯಿಂದ ಉಳಿದ ಚಿನ್ನ ತೆಗೆಯುವ ಕೆಲಸ. ಆಸ್ಟ್ರೇಲಿಯದ ಕಂಪನಿಯೂ ರೊಮೇನಿಯಾ ಸರಕಾರವೂ ಪಾಲುದಾರರು. 1999ರಲ್ಲಿ ಗಿರಣಿ ಶುರುವಾಯಿತು. ವರ್ಷ ತುಂಬುವ ಮೊದಲೇ, 2000ದ ಜನವರಿ 30ರ ರಾತ್ರಿ, ಮಳೆ ಮತ್ತು ಕರಗಿದ ಹಿಮದ ನೀರಿಗೆ ಕೊಳದ ಕಟ್ಟೆ ಒಡೆಯಿತು. ಸುಮಾರು 1 ಲಕ್ಷ ಘನ ಮೀಟರ್ ಸಯನೈಡ್ ನೀರು ನದಿಗೆ ಸೇರಿ, ಗಡಿ ದಾಟಿ, ಹಂಗೇರಿಯ ಟಿಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬಿಗೆ ಹೋಯಿತು. ಹಂಗೇರಿಯಲ್ಲಿ ಮಾತ್ರ ಸಾವಿರ ಟನ್ನಿಗೂ ಮಿಕ್ಕಿ ಮೀನು ಸತ್ತಿತು. ಕಂಪನಿ ಹವಾಮಾನವನ್ನು ದೂರಿತು. ತನಿಖೆಗೆ ಹೋದ ವಿಶ್ವಸಂಸ್ಥೆಯ ತಜ್ಞರು ಕಂಡದ್ದು ಬೇರೆ: ಹೆಚ್ಚುವರಿ ನೀರನ್ನು ಹಿಡಿದಿಡುವ ವ್ಯವಸ್ಥೆಯೇ ಆ ವಿನ್ಯಾಸದಲ್ಲಿ ಇರಲಿಲ್ಲ.

‘ಕೋಲಾರ ಬರದ ನಾಡು, ಮಳೆ ಎಲ್ಲಿ ಮಾರಾಯ್ರೆ’ ಎನ್ನುವವರು 2021ರ ನವೆಂಬರ್ ನೆನಪಿಸಿಕೊಳ್ಳಲಿ. ಆಗ ಕೋಲಾರದ ಕೆರೆಗಳು ಕೋಡಿ ಬಿದ್ದವು, ಪಾಲಾರ್ ಉಕ್ಕಿ ಹರಿಯಿತು. ಲೆಕ್ಕ ಕಷ್ಟದ್ದಲ್ಲ. 100 ಹೆಕ್ಟೇರ್ ಕೊಳದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 1 ಲಕ್ಷ ಘನ ಮೀಟರ್ ನೀರು. ಅಂದರೆ ಬಯಾ ಮಾರೆಯಲ್ಲಿ ಹೊರಬಿದ್ದಷ್ಟೇ. ‘ಹೊರಗೆ ಬಿಡುವುದಿಲ್ಲ’ ಎಂಬುದು ಒಂದು ವಾಕ್ಯ ಮಾತ್ರ. ಮಳೆನೀರು ವಾಕ್ಯದೊಳಗೆ ನಿಲ್ಲುವುದಿಲ್ಲ, ಅದಕ್ಕೆ ಕೊಳವೇ ಬೇಕು.

ಹಾಗಾಗಿ ಮೊದಲ ಬುಟ್ಟಿ ಹುಡಿ ತೆಗೆಯುವ ಮುಂಚೆ ಇಷ್ಟು ಆಗಲಿ. ಕಟ್ಟೆಯ ಮೇಲೆ ದೂರಕ್ಕೆ ಕಾಣುವ ಕೆಂಪು ಗೆರೆ ಎಳೆಯಲಿ, ನೀರು ಅಲ್ಲಿಗೆ ಮುಟ್ಟಿದ ದಿನ ಗಿರಣಿ ನಿಲ್ಲಲಿ. ಹೆಚ್ಚಾದ ನೀರಿಗೆ ಖಾಲಿ ಕೊಳವೊಂದು ಸದಾ ಇರಲಿ. ಕರೆಂಟು ಹೋದರೂ ಓಡುವ ಎರಡನೆಯ ಪಂಪು ಇರಲಿ. ನಾನು ಕೆಲಸ ಮಾಡಿದ ಒಂದು ಕಡೆ ಎರಡನೆಯ ಪಂಪು ಡ್ರಾಯಿಂಗಿನಲ್ಲಿ ಮಾತ್ರ ಇತ್ತು. ಒಂದು ರಾತ್ರಿ ಮೊದಲನೆಯದು ನಿಂತಾಗ ನಾವು ಬಕೆಟ್ಟಿನಲ್ಲಿ ನೀರು ಎತ್ತಿದೆವು. ನೀರು ಬಿಡಲೇಬೇಕಾದರೆ ವಿಷ ಕಳೆದು, ಪರೀಕ್ಷೆ ಮಾಡಿ, ಕೆಳಗಿನ ಊರುಗಳಿಗೆ ಮುಂಚಿತವಾಗಿ ತಿಳಿಸಿಯೇ ಬಿಡಲಿ. ಕೆಲಸ ಮುಗಿದ ಮೇಲೆ ಜಾಗ ಕಾಯುವ ಖರ್ಚನ್ನು ಈಗಲೇ ಠೇವಣಿ ಇಡಲಿ. ಚಿನ್ನ ಮುಗಿದ ಮೇಲೆ ಕಂಪನಿಯನ್ನು ಹುಡುಕುತ್ತಾ ಅಲೆಯುವವರು ಯಾರು?

ಕಾಸರಗೋಡಿನವನಿಗೆ ಇದೆಲ್ಲ ಯಾಕೆ ಎನ್ನಬೇಡಿ. ನಮ್ಮ ಗೇರುತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುವಾಗಲೂ ‘ಏನೂ ಆಗುವುದಿಲ್ಲ’ ಎಂದೇ ಹೇಳಿದ್ದು. ಏನಾಯಿತೆಂದು ಎಣ್ಮಕಜೆಯ ಮನೆಗಳಿಗೆ ಹೋಗಿ ನೋಡಿ. ಪಾಲಾರ್ ಕೂಡ ಕರ್ನಾಟಕದಿಂದ ಆಂಧ್ರಕ್ಕೆ, ತಮಿಳುನಾಡಿಗೆ ಹೋಗುವ ಹೊಳೆ. ನೀರಿಗೆ ಗಡಿ ಇಲ್ಲ, ನೋಟಿಸಿಗೆ ಮಾತ್ರ ಉಂಟು. ಓದಲು ಬಾರದ ಭಾಷೆಯಲ್ಲಿ ಕಾಗದ ಬಂದರೆ ಏನಾಗುತ್ತದೆಂದು ಗಡಿನಾಡಿನ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಎಚ್ಚರಿಕೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರಲಿ. ಡ್ಯಾನ್ಯೂಬಿನ ಕೆಳಗಿನ ಊರುಗಳಿಗೆ ಸುದ್ದಿ ಮೊದಲೇ ಮುಟ್ಟಿದ್ದರಿಂದ ಅವರು ಕುಡಿಯುವ ನೀರಿನ ಕೊಳವೆ ಮುಚ್ಚಲು ಸಾಧ್ಯವಾಯಿತು.

ಉಪ್ಪ ಈಗ ಅಂಗಡಿ ಮುಚ್ಚಿದ್ದಾರೆ. ಶಟರ್ ಎಳೆಯುವ ಮೊದಲು ಡ್ರಮ್ಮು ಖಾಲಿ ಮಾಡಿ, ತೊಳೆದು, ಕವುಚಿ ಹಾಕಿದರು. ಸಾಲದ ಪುಸ್ತಕದ ಕೊನೆಯ ಪುಟದವರೆಗೂ ಲೆಕ್ಕ ತೀರಿಸಿದರು. ಒಬ್ಬ ಕಿರಾಣಿ ವ್ಯಾಪಾರಿ ಮಾಡಿದಷ್ಟನ್ನು ಸರಕಾರಗಳೂ ಕಂಪನಿಗಳೂ ಮಾಡಲಿ ಎಂದು ಕೇಳುವುದು ಹೆಚ್ಚಾಯಿತೇ?