ಜೀವಕುಲದ ಕವಲುನಕ್ಷೆ

ಹೆಸರು ಒಂದಾದಮಾತ್ರಕ್ಕೆ ಕುಲವೂ ಒಂದಾಗಬೇಕೆಂಬ ನಿಯಮವಿಲ್ಲ. ಆಡುಮಾತಿನಲ್ಲಿ ಕೃಷ್ಣಮೃಗವೂ ಜಿಂಕೆಯೇ, ಮೈಮೇಲೆ ಚುಕ್ಕೆಯುಳ್ಳ ಚುಕ್ಕೆಜಿಂಕೆಯೂ ಜಿಂಕೆಯೇ. ಕೊಕ್ಕನೂರು, ಹರಿಹರಗಳ ಮಕ್ಕಳಿಗೆ ಕೃಷ್ಣಮೃಗ ದೂರದ ಪ್ರಾಣಿಯಲ್ಲ. ತುಂಗಭದ್ರೆಯ ಆಚೆ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಏರ್ಪಟ್ಟಿತು. ಗಂಡು ಕೃಷ್ಣಮೃಗದ ಕೊಂಬಿನೊಳಗೆ ಎಲುಬಿನ ತಿರುಳು, ಹೊರಗೆ ಗೊರಸಿನಂತಹ ಗಟ್ಟಿ ಕವಚ; ಅದು ಕವಲೊಡೆಯದು, ಉದುರದು. ಆಕಳು, ಕುರಿ, ಮೇಕೆಗಳ ಕೊಂಬಿನ ರಚನೆಯೂ ಇದೇ. ಚುಕ್ಕೆಜಿಂಕೆಯದಾದರೋ ಬರಿಯ ಎಲುಬು. ಕವಲೊಡೆದು ಬೆಳೆದು, ಉದುರಿ, ಮತ್ತೆ ಮೂಡುವಂಥದು. ನೋಟಕ್ಕೆ ಹೇಗಿದ್ದರೂ ಕೃಷ್ಣಮೃಗವು ವಂಶದಲ್ಲಿ ಚುಕ್ಕೆಜಿಂಕೆಗಿಂತ ಕೊಟ್ಟಿಗೆಯ ಆಕಳಿಗೇ ಹತ್ತಿರದ ನೆಂಟ.

ಇಂತಹ ಬಾಂಧವ್ಯವನ್ನು ತೋರುವ ರೇಖಾಚಿತ್ರವೇ ಕ್ಲಾಡೋಗ್ರಾಂ. ಗ್ರೀಕಿನ ‘ಕ್ಲಾಡೋಸ್’ ಎಂದರೆ ಕೊಂಬೆ. ಕನ್ನಡದಲ್ಲಿ ಇದನ್ನು ಕವಲುನಕ್ಷೆ ಎನ್ನಬಹುದು. ಜರ್ಮನಿಯ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರ ತಮ್ಮ ಗ್ರಂಥದಲ್ಲಿ ಇದರ ತತ್ತ್ವವನ್ನು ವಿಶದಪಡಿಸಿದರು: ಒಟ್ಟು ಹೋಲಿಕೆ ಪ್ರಮಾಣವಲ್ಲ, ಒಬ್ಬ ಪೂರ್ವಜನಲ್ಲಿ ಹೊಸತಾಗಿ ಮೂಡಿ ಸಂತತಿಗಿಳಿದ ಲಕ್ಷಣವೇ ಪ್ರಮಾಣ. ತಾಳೆಗರಿಯ ಗ್ರಂಥಗಳನ್ನು ಪರಿಷ್ಕರಿಸುವವರಿಗೆ ಈ ನ್ಯಾಯ ಅಪರಿಚಿತವಲ್ಲ. ಎರಡು ಪ್ರತಿಗಳಲ್ಲಿ ಒಂದೇ ಬಗೆಯ ವಿಲಕ್ಷಣ ಸ್ಖಾಲಿತ್ಯಗಳು ಕಂಡುಬಂದರೆ ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಪಂಡಿತರು ಊಹಿಸುತ್ತಾರೆ. ಶುದ್ಧಪಾಠ ಎರಡರಲ್ಲಿಯೂ ಇದ್ದ ಮಾತ್ರಕ್ಕೆ ಅಂತಹ ಸಂಬಂಧ ಸಿದ್ಧಿಸದು. ಇಂದು ಡಿ.ಎನ್.ಎ.ಯ ಅಕ್ಷರಸಾಲುಗಳನ್ನೂ ವಿಜ್ಞಾನಿಗಳು ಹೀಗೆಯೇ ತಾಳೆ ನೋಡುತ್ತಾರೆ.

‘ಮಂಗನಿಂದ ಮಾನವ’ ಎಂಬ ಜನಜನಿತ ತಪ್ಪನ್ನು ಈ ನಕ್ಷೆ ನಿವಾರಿಸುತ್ತದೆ. ಇಂದಿನ ಮಂಗವು ಮನುಷ್ಯನ ಅಜ್ಜನಲ್ಲ. ಇಬ್ಬರೂ ಒಂದೇ ಮರದ ಬೇರೆ ಬೇರೆ ಕೊಂಬೆಗಳ ತುದಿಗಳು. ಅವರ ಸಮಾನ ಪೂರ್ವಜನ ಸ್ಥಾನವಿರುವುದು ಕವಲೊಡೆದೆಡೆಯಲ್ಲಿ.

2023ರಲ್ಲಿ ಎನ್.ಸಿ.ಇ.ಆರ್.ಟಿ.ಯು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಅದು ಉಳಿಯಿತೆಂಬ ಸಮಾಧಾನ ಸಾಲದು. ಹತ್ತರ ಬಳಿಕ ಕಲೆಯನ್ನೋ ವಾಣಿಜ್ಯವನ್ನೋ ಆರಿಸಿಕೊಳ್ಳುವ, ಇಲ್ಲವೆ ಹೊಲಮನೆಗೆ ಮರಳುವ ಹಳ್ಳಿಯ ಮಕ್ಕಳಿಗೆ ಆ ಪಾಠ ಎಂದಿಗೂ ದೊರೆಯದು.

ಇದರಿಂದ ಶ್ರದ್ಧೆಗೆ ಕುಂದೆಂದು ಅಂಜುವವರುಂಟು. ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಶರಣರ ಪರಂಪರೆಗೆ ಜೀವಿಗಳ ಬಂಧುತ್ವ ಪರಕೀಯವಾದೀತೆ? ಪಠ್ಯಪುಸ್ತಕ ಮೌನವಾಗಿದ್ದರೂ ಗುರುಗಳು ಮೌನವಾಗಿರಬೇಕಾಗಿಲ್ಲ. ಇದಕ್ಕೆ ದಾನಿಗಳಿಂದ ಹೊಸ ಕಟ್ಟಡವನ್ನು ಬೇಡಬೇಕಾಗಿಯೂ ಇಲ್ಲ. ಒಂದು ಕರಿಹಲಗೆ, ಒಂದು ಸೀಮೆಸುಣ್ಣದ ಕಡ್ಡಿ, ಮಕ್ಕಳು ದಿನವೂ ಕಾಣುವ ಆಕಳು ಮೇಕೆಗಳು ಇಷ್ಟಿದ್ದರೆ ಪಾಠವನ್ನು ಆರಂಭಿಸಬಹುದು.