ತಿರುಗಾಟ ತಪ್ಪಿದ ಕಾಲ್ಚೆಂಡು

2025ನೆಯ ಇಸವಿಯ ಡಿಸೆಂಬರ ತಿಂಗಳಲ್ಲಿ ಕಾರ್ಯಾರ್ಥವಾಗಿ ಹೊನ್ನಾವರಕ್ಕೆ ಹೋಗಿದ್ದ ನಾವು, ಇಡಗುಂಜಿಯ ಮಹಾಗಣಪತಿಯ ದರ್ಶನ ಮಾಡಿಕೊಂಡು ಹಿಂದಿರುಗುವಾಗ, ಕೊಯ್ಲು ಮುಗಿದ ಗದ್ದೆಯೊಂದರಲ್ಲಿ ಹತ್ತು ಹನ್ನೆರಡು ಹುಡುಗರು ಚೆಂಡನ್ನೊದೆಯುತ್ತಿದ್ದುದನ್ನು ಕಂಡು ಕ್ಷಣಕಾಲ ನಿಂತೆವು. ಅವರಲ್ಲೊಬ್ಬನು ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ನೀಲಿ ಅಂಗಿಯನ್ನು ತೊಟ್ಟಿದ್ದನು. ಈ ವರ್ಷ ನಿಮ್ಮ ತಂಡವು ಹೇಗೆ ಆಡುತ್ತಿದೆಯಪ್ಪ ಎಂದು ಕೇಳಿದೆವು. "ಈ ಸಲ ಆಟ ಶುರುವಾಗ್ಲೇ ಇಲ್ವಲ್ರಾ" ಎಂದು ಹೇಳಿ ಆ ಬಾಲಕನು ಚೆಂಡಿನ ಬೆನ್ನು ಹತ್ತಿ ಓಡಿಹೋದನು. ಪತ್ರಿಕೆಯೊಂದರ ಸಂಪಾದಕರಾದ ನಮಗೆ ಇದು ತಿಳಿಯದ ಸಂಗತಿಯೇನೂ ಆಗಿರಲಿಲ್ಲ. ಆದರೆ ಗದ್ದೆಯ ಅಂಚಿನಲ್ಲಿ ನಿಂತು ಹುಡುಗನ ಬಾಯಿಂದ ಕೇಳಿದಾಗ ಅದರ ಭಾರವು ಬೇರೆಯಾಗಿ ತೋರಿತು.

ಆ ತಿಂಗಳ ಮೂರು ದಿನಗಳನ್ನು ನಮ್ಮ ವಾಚಕರು ಒಂದರ ಬಳಿ ಒಂದನ್ನಿಟ್ಟು ನೋಡಬೇಕು. ಡಿಸೆಂಬರ 6ರಂದು ಅಮೇರಿಕೆಯ ಫ್ಲಾರಿಡಾ ಪ್ರಾಂತದ ಫೋರ್ಟ್ ಲಾಡರ್‌ಡೇಲಿನಲ್ಲಿ ಉತ್ತರ ಅಮೇರಿಕದ ಮೇಜರ್ ಲೀಗ್ ಸಾಕರಿನ ಮೂವತ್ತನೆಯ ವರ್ಷದ ಅಂತಿಮ ಪಂದ್ಯವು ನಡೆದು, ಇಂಟರ್ ಮಯಾಮಿ ತಂಡವು ವ್ಯಾಂಕೂವರಿನ ತಂಡವನ್ನು 3-1ರಿಂದ ಸೋಲಿಸಿತು. ಫೆಬ್ರವರಿಯಲ್ಲಿ ತೊಡಗಿದ್ದ ಆ ವರ್ಷದ ಆಟದಲ್ಲಿ 30 ತಂಡಗಳು ತಲಾ 34 ಪಂದ್ಯಗಳನ್ನಾಡಿ, ಹೇಳಿದ ಕಾಲಕ್ಕೆ ಮುಗಿಸಿದುವು. ಅದಾಗಿ ಎರಡೇ ದಿನಗಳಿಗೆ, ಡಿಸೆಂಬರ 8ರಂದು, ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನು ತನ್ನ ವ್ಯಾಪಾರದ ಹಕ್ಕುಗಳನ್ನೆಲ್ಲ ಒಪ್ಪಿಸಿಕೊಟ್ಟಿದ್ದ ಹದಿನೈದು ವರ್ಷಗಳ ಕರಾರು ಕೊನೆಗೊಂಡಿತು. ನಮ್ಮ ಇಂಡಿಯನ್ ಸೂಪರ್ ಲೀಗಿನ ಒಂದು ಪಂದ್ಯವೂ ಅಷ್ಟರೊಳಗೆ ಆರಂಭವಾಗಿರಲಿಲ್ಲ. ಮತ್ತೆ ಐದು ದಿನಗಳಿಗೆ, 13ರಂದು, ಮಯಾಮಿಯ ಆ ವಿಜಯದ ನಾಯಕನಾದ ಮೆಸ್ಸಿಯು ಕಲ್ಕತ್ತೆಗೆ ದಯಮಾಡಿಸಿದಾಗ, ಸಾವಿರಾರು ರೂಪಾಯಿಗಳನ್ನು ತೆತ್ತು ನೆರೆದ ಜನರು ಅವನನ್ನು ಕಣ್ತುಂಬ ಕಾಣಲಾರದೆ ಸಿಟ್ಟಿಗೆದ್ದು ಸಾಲ್ಟ್ ಲೇಕ್ ಕ್ರೀಡಾಂಗಣದ ಕುರ್ಚಿಗಳನ್ನು ಕಿತ್ತೆಸೆದರು. ಪರದೇಶದ ಆಟಗಾರನೊಬ್ಬನ ಮುಖದರ್ಶನಕ್ಕೆ ಹಣವುಂಟು. ಸ್ವದೇಶದ ಆಟಗಾರರ ವರ್ಷದ ಆಟಕ್ಕೆ ಗತಿಯಿಲ್ಲ. ಇದಕ್ಕಿಂತ ನಾಚಿಕೆಯ ಮಾತು ಬೇರೇನಿರುವುದು?

ನಡೆದುದೇನೆಂಬುದನ್ನು ಸಂಕ್ಷೇಪವಾಗಿ ನಿರೂಪಿಸುವೆವು. 2010ರಲ್ಲಿ ಫೆಡರೇಶನ್ನಿಗೂ ಒಂದು ಬಂಡವಾಳಶಾಹಿ ಸಂಸ್ಥೆಗೂ 700 ಕೋಟಿ ರೂಪಾಯಿಗಳ ಕರಾರಾಯಿತು. ಅದರ ಫಲವಾಗಿ 2014ರ ಅಕ್ಟೋಬರದಲ್ಲಿ ಎಂಟು ತಂಡಗಳ ಸೂಪರ್ ಲೀಗು ಹುಟ್ಟಿತು. ಕರಾರು ಎಂದು ಮುಗಿಯುವುದೆಂಬುದು ಬರೆದ ದಿನದಿಂದಲೇ ಗೊತ್ತಿದ್ದಿತು. ಆದರೂ ಮುಂದಿನ ಏರ್ಪಾಡಿನ ವಿಷಯದಲ್ಲಿ ಉಭಯ ಪಕ್ಷಗಳೂ ಒಮ್ಮತಕ್ಕೆ ಬಾರದೆ ಹೋದುವು. 2025ರ ಜುಲೈಯಲ್ಲಿ ಆ ಸಾಲಿನ ಆಟವನ್ನು ತಡೆಹಿಡಿಯಲಾಗಿದೆಯೆಂದು ತಂಡಗಳಿಗೆ ತಿಳಿಸಲಾಯಿತು. ಆಗಸ್ಟಿನ ಮೊದಲ ವಾರದಲ್ಲಿ ನಮ್ಮ ಬೆಂಗಳೂರಿನ ಕ್ಲಬ್ಬು ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಹೊಸ ಗುತ್ತಿಗೆಗಾಗಿ ಟೆಂಡರು ಕರೆದರೆ ನವೆಂಬರದ ಗಡುವಿನೊಳಗೆ ಒಬ್ಬರೂ ಮುಂದೆ ಬರಲಿಲ್ಲ. ವ್ಯವಹಾರವು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2026ರ ಜನವರಿಯ ಮೊದಲಲ್ಲಿ ಆಟಗಾರರೇ ಜಗತ್ತಿನ ಫುಟ್‌ಬಾಲ್ ಸಂಸ್ಥೆಯಾದ ಫೀಫಾಕ್ಕೆ ಬಹಿರಂಗವಾಗಿ ಮೊರೆಯಿಟ್ಟರು. ಕಡೆಗೆ ಕೇಂದ್ರ ಸರಕಾರದ ಕ್ರೀಡಾಮಂತ್ರಿಗಳು ನಡುವೆ ಬಂದು, ಮಹಾಶಿವರಾತ್ರಿಯ ಮುನ್ನಾದಿನವಾದ ಫೆಬ್ರವರಿ 14ರಂದು, 14 ತಂಡಗಳ ಒಂದೇ ಸುತ್ತಿನ, 91 ಪಂದ್ಯಗಳ ಕುಗ್ಗಿದ ಋತುವೊಂದು ತೊಡಗುವಂತಾಯಿತು. ಇಲ್ಲದಿರುವುದಕ್ಕಿಂತ ಇದು ಲೇಸೆಂಬುದನ್ನು ನಾವು ಒಪ್ಪುವೆವು. ಆದರೆ ತುಂಬು ತಟ್ಟೆಯ ಊಟವನ್ನು ಕಳೆದುಕೊಂಡವನು ಅರ್ಧ ತಟ್ಟೆ ಸಿಕ್ಕಿತೆಂದು ಹಬ್ಬವನ್ನಾಚರಿಸಬೇಕಾಗಿಲ್ಲ.

ಇಡಗುಂಜಿಯ ಸೀಮೆಯಲ್ಲಿ ಬರಿಯ "ಆಟ"ವೆಂದರೆ ಯಕ್ಷಗಾನವೆಂದೇ ಅರ್ಥ. ಅಲ್ಲಿಯ ಮೇಳಗಳಿಗೂ ಋತುವುಂಟು. ಅದಕ್ಕೆ ತಿರುಗಾಟವೆಂದು ಹೆಸರು. ದೀಪಾವಳಿಯು ಕಳೆದ ಮೇಲೆ ಮೇಳವು ಹೊರಡುತ್ತದೆ. ಮಳೆಗಾಲ ಹಿಡಿಯುವುದರೊಳಗೆ ವೇಷಧಾರಿಗಳು ಗೆಜ್ಜೆ ಬಿಚ್ಚಿ ಮನೆ ಸೇರುತ್ತಾರೆ. ಈ ವರ್ಷ ಯಾವ ಮೇಳದಲ್ಲಿ ದುಡಿಯುವುದು, ಸಂಬಳವೆಷ್ಟು ಎಂಬುದೆಲ್ಲ ಮೇಳವು ಹೊರಡುವ ಮೊದಲೇ ಇತ್ಯರ್ಥವಾಗಿರುವುದು. ಆ ಮಾತನ್ನು ನಂಬಿ ಕಲಾವಿದನು ಮನೆಯ ಮಾಡು ಹೊದಿಸುತ್ತಾನೆ, ತಂಗಿಯ ಮದುವೆಗೆ ಒಪ್ಪುತ್ತಾನೆ. ಋತುವೆಂಬುದು ಪಂಚಾಂಗದ ಒಂದು ಪುಟವಲ್ಲ, ಅದು ಕೊಟ್ಟ ಮಾತು. ಚೌಕಿಯಲ್ಲಿ ವೇಷ ಕಟ್ಟಿ ಕುಳಿತವರಿಗೆ "ಇಂದು ಆಟವಿಲ್ಲ, ಮುಂದೆ ಎಂದಿರುವುದೋ ತಿಳಿಯದು" ಎಂದು ಯಜಮಾನನು ಹೇಳಿದರೆ ಆ ಮೇಳದ ಹೆಸರು ಉಳಿದೀತೇ?

ಅಲ್ಲಿಯ ದೇವರ ಹೆಸರನ್ನೇ ಹೊತ್ತಿರುವ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದುದು 1934ರಲ್ಲಿ. ಅವರ ಬಳಿಕ ಮಗ ಶಂಭು ಹೆಗಡೆಯವರು, ಅನಂತರ ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ನಡೆಸಿಕೊಂಡು ಬಂದರು. ನಷ್ಟಗಳು ಬಂದುವು, ಕಾಲವು ಬದಲಾಯಿತು, ಪ್ರೇಕ್ಷಕರ ರುಚಿಯೂ ಬದಲಾಯಿತು. ಆದರೂ ಮಂಡಳಿಯು ಉಳಿದುಕೊಂಡಿತು. ಕಾರಣವೇನು? ಅದು ತನ್ನ ಕಲಾವಿದರನ್ನು ಹೊರಗಿನಿಂದ ಕೊಂಡು ತರುವುದರಲ್ಲಿಯೇ ತೃಪ್ತವಾಗದೆ, ಗುಣವಂತೆಯಲ್ಲಿ ಕಲಾಕೇಂದ್ರವನ್ನು ಕಟ್ಟಿ ಹೊಸಬರಿಗೆ ಹೆಜ್ಜೆ ಕಲಿಸಿತು. ಬೇರು ಮಣ್ಣಿನಲ್ಲಿತ್ತು, ಬೇಸಗೆ ಬಂದಾಗ ಎಲೆ ಉದುರಿತು, ಮರವು ಒಣಗಲಿಲ್ಲ.

ಬೇರಿಲ್ಲದ ಮರದ ಕಥೆಯನ್ನು ಅಮೇರಿಕೆಯೇ ನಮಗೆ ಹೇಳಬಲ್ಲುದು. ಇಂದಿನ ಮೇಜರ್ ಲೀಗಿಗಿಂತ ಮೊದಲು ಅಲ್ಲಿ ನಾರ್ತ್ ಅಮೇರಿಕನ್ ಸಾಕರ್ ಲೀಗೆಂಬ ಸಂಸ್ಥೆಯಿದ್ದಿತು. 1968ರಲ್ಲಿ 17 ತಂಡಗಳಿಂದ ತೊಡಗಿದ ಅದು ಮರುವರ್ಷವೇ ಐದಕ್ಕಿಳಿಯಿತು. ತಕ್ಕಡಿಯನ್ನು ಮೇಲೆತ್ತಲು ನ್ಯೂಯಾರ್ಕಿನ ಕಾಸ್ಮಾಸ್ ತಂಡದವರು 1975ರಲ್ಲಿ ಬ್ರೆಜಿಲಿನ ಪೆಲೆಯನ್ನೂ, 1977ರಲ್ಲಿ ಜರ್ಮನಿಯ ಬೆಕನ್‌ಬಾವರನ್ನೂ ಅಪಾರ ಹಣ ಸುರಿದು ಕರೆತಂದರು. 1977ರ ಆಗಸ್ಟ್ 14ರಂದು ಫೋರ್ಟ್ ಲಾಡರ್‌ಡೇಲಿನ ತಂಡದೊಡನೆ ನಡೆದ ಅವರ ಪಂದ್ಯಕ್ಕೆ 77,691 ಜನರು ಕೂಡಿದರು. ಇದನ್ನು ಕಂಡು ಊರೂರಿನ ಧನಿಕರು ತಂಡಗಳನ್ನು ಕಟ್ಟಿದರು. 1978ರಲ್ಲಿ ತಂಡಗಳ ಸಂಖ್ಯೆ 24ಕ್ಕೇರಿತು. ಆದರೆ ಎಲ್ಲರಿಗೂ ಒಬ್ಬೊಬ್ಬ ಪೆಲೆ ಸಿಕ್ಕುವನೇ? ಬಂದ ಹಣಕ್ಕಿಂತ ಕೊಟ್ಟ ಸಂಬಳವು ಮಿಗಿಲಾಯಿತು. 1980ರ ಬಳಿಕ ದೂರದರ್ಶನದ ಪ್ರಸಾರದವರೂ ಕೈಬಿಟ್ಟರು. 1984ರಲ್ಲಿ ಒಂಬತ್ತು ತಂಡಗಳುಳಿದುವು. 1985ರ ಮಾರ್ಚಿಯಲ್ಲಿ, ಮುಂದಿನ ಋತುವಿಗೆ ಎರಡೇ ತಂಡಗಳು ಸಿದ್ಧವಿದ್ದುದರಿಂದ, ಲೀಗಿನ ಬಾಗಿಲು ಮುಚ್ಚಿತು. ಅಷ್ಟು ಜನರ ಮುಂದೆ ಆಡಿದ ಲಾಡರ್‌ಡೇಲಿನ ತಂಡವು ಅದಕ್ಕೆ ಮುಂಚೆಯೇ ಊರು ಬಿಟ್ಟು ಬೇರೆ ಪ್ರಾಂತಕ್ಕೆ ಗುಳೆ ಹೋಗಿದ್ದಿತು.

2025ರ ಅಂತಿಮ ಪಂದ್ಯವು ನಡೆದುದು ಆ ತಂಡದ ಹಳೆಯ ಕ್ರೀಡಾಂಗಣವಿದ್ದ ಜಾಗದಲ್ಲಿಯೇ ಕಟ್ಟಿದ ಹೊಸ ಕ್ರೀಡಾಂಗಣದಲ್ಲಿ. ಬಿದ್ದ ನೆಲದಿಂದಲೇ ಅವರು ಎದ್ದುದು ಹೇಗೆ? 1996ರಲ್ಲಿ ಹತ್ತು ತಂಡಗಳಿಂದ ಮತ್ತೆ ಮೊದಲುಮಾಡಿದಾಗ ಅವರು ಹಿಂದಿನ ಪೆಟ್ಟನ್ನು ಮರೆತಿರಲಿಲ್ಲ. ಸಂಬಳಕ್ಕೆ ಮಿತಿಯನ್ನು ಹಾಕಿಕೊಂಡರು. ಪರರ ಭಾರಿ ಬಯಲುಗಳನ್ನು ಬಾಡಿಗೆಗೆ ಹಿಡಿಯುವುದನ್ನು ಕ್ರಮೇಣ ಬಿಟ್ಟು, 1999ರಲ್ಲಿ ಕೊಲಂಬಸ್ಸಿನಿಂದ ತೊಡಗಿ ತಮ್ಮ ಆಟಕ್ಕೆಂದೇ ತಕ್ಕಷ್ಟು ದೊಡ್ಡದಾದ ಮನೆಗಳನ್ನು ಕಟ್ಟಿಕೊಂಡರು. ಆದರೂ ಕಷ್ಟವು ತಪ್ಪಲಿಲ್ಲ: ಹನ್ನೆರಡಕ್ಕೇರಿದ್ದ ತಂಡಗಳು 2002ರಲ್ಲಿ ಪುನಃ ಹತ್ತಕ್ಕಿಳಿದುವು, ಆಗ ಮೂವರೇ ಒಡೆಯರು ಆ ಹತ್ತನ್ನೂ ಹೊತ್ತು ನಿಂತರು. ಅಂದು ಅವರು ಋತುವನ್ನು ತಪ್ಪಿಸಿದ್ದರೆ ಇಂದು ಮಯಾಮಿಯೂ ಇರುತ್ತಿರಲಿಲ್ಲ, ಮೆಸ್ಸಿಯೂ ಅಲ್ಲಿಗೆ ಬರುತ್ತಿರಲಿಲ್ಲ. ಮೆಸ್ಸಿಯು ಬಂದುದು 2023ರಲ್ಲಿ, ಗೋಡೆಯೆದ್ದು ಇಪ್ಪತ್ತೇಳು ವರ್ಷಗಳಾದ ಮೇಲೆ. ನಾವಾದರೋ ಮೊದಲು ಕಳಶವಿಟ್ಟು, ಅಡಿಪಾಯವನ್ನು ಆಮೇಲೆ ನೋಡಿಕೊಳ್ಳೋಣವೆಂದೆವು.

ಕನ್ನಡನಾಡಿಗೆ ಈ ಆಟವು ಸೂಪರ್ ಲೀಗಿನೊಡನೆ ಬಂದುದೆಂದು ಕೆಲವರು ಭಾವಿಸಿರುವಂತೆ ತೋರುತ್ತದೆ, ಅದು ತಪ್ಪು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1946-47ರಲ್ಲಿ ಮೈಸೂರು ಸಂಸ್ಥಾನದ ತಂಡವು ಸಂತೋಷ ಟ್ರೋಫಿಯನ್ನು ಗಳಿಸಿತು. 1948ರ ಲಂಡನ್ ಒಲಿಂಪಿಕ್ಕಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲನ್ನು ಹೊಡೆದವರು ನಮ್ಮ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹಮದ್ ಖಾನರು ಬರಿಗಾಲಿನಲ್ಲಿ ಆಡಿ ಪರದೇಶದವರನ್ನು ಬೆರಗುಗೊಳಿಸಿದರು. ಮುಂದೆ ಐ.ಟಿ.ಐ., ಹೆಚ್.ಎ.ಎಲ್. ಮುಂತಾದ ಕಾರಖಾನೆಗಳು ಆಟಗಾರರಿಗೆ ಉದ್ಯೋಗವನ್ನು ಕೊಟ್ಟು ತಂಡಗಳನ್ನು ಸಾಕಿದುವು. ಅವರ ಸಂಬಳವು ಅಲ್ಪವಾಗಿದ್ದಿರಬಹುದು. ಆದರೆ ಆಟವು ನಿಂತರೂ ತಿಂಗಳ ಮೊದಲ ದಿನ ಒಲೆ ಉರಿಯುತ್ತಿದ್ದಿತು.

2013ರಲ್ಲಿ ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ಬಿನ ಕೀರ್ತಿಯನ್ನು ನಾವು ಕಡಿಮೆಮಾಡಲೊಲ್ಲೆವು. ಮೊದಲ ವರ್ಷದಲ್ಲಿಯೇ ಐ-ಲೀಗನ್ನು ಗೆದ್ದು, 2016ರಲ್ಲಿ ಏಷ್ಯಾ ಖಂಡದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿದ ಪ್ರಥಮ ಭಾರತೀಯ ತಂಡವೆನಿಸಿ, 2019ರ ಮಾರ್ಚ್ 17ರಂದು ಗೋವೆಯ ತಂಡವನ್ನು ಏಕೈಕ ಗೋಲಿನಿಂದ ಸೋಲಿಸಿ ಸೂಪರ್ ಲೀಗಿನ ಪಟ್ಟವನ್ನೇರಿದ ತಂಡವದು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು ನಿಂತು ಹಾಡುವ ತರುಣರನ್ನು ಕಂಡವರಿಗೆ, ನಗರವೊಂದು ತಂಡವನ್ನು ತನ್ನದೆಂದುಕೊಳ್ಳುವುದೆಂದರೇನೆಂಬುದು ಅರ್ಥವಾಗುವುದು. ಅಂಥ ತಂಡಕ್ಕೇ ಸಂಬಳ ನಿಲ್ಲಿಸುವ ಗತಿಯು ಬಂದಿತೆಂದರೆ, ದೋಷವು ಒಂದು ತಂಡದ್ದಲ್ಲ, ಏರ್ಪಾಡಿನದು.

ಇಲ್ಲಿ ಒಡೆಯರ ಪಕ್ಷದ ಮಾತನ್ನೂ ಕೇಳಬೇಕು. ಅವರು ವರ್ಷವರ್ಷವೂ ನಷ್ಟವನ್ನನುಭವಿಸಿದ್ದಾರೆ. ಪಂದ್ಯವೇ ಇಲ್ಲದಾಗ ಟಿಕೇಟೂ ಇಲ್ಲ, ಜಾಹೀರಾತೂ ಇಲ್ಲ. ಕೈಯಿಂದ ಎಷ್ಟು ದಿನ ಕೊಟ್ಟಾರು ಎಂದು ಕೇಳುವವರುಂಟು. ಇದು ನ್ಯಾಯವಾದ ಪ್ರಶ್ನೆಯೇ. ಪತ್ರಿಕೆಯ ಒಡೆತನದ ಸುಖದುಃಖಗಳನ್ನು ಬಲ್ಲ ನಾವು ನಷ್ಟವೆಂಬ ಶಬ್ದವನ್ನು ಹಗುರವಾಗಿ ಎಣಿಸಲಾರೆವು. ಕಾಗದದ ಬೆಲೆಯು ಏರಿದ ವರ್ಷಗಳಲ್ಲಿ ನಾವೂ ಸಾಲ ಮಾಡಿದೆವು. ಆದರೆ ಅಚ್ಚುಮೊಳೆ ಜೋಡಿಸುವವನ ಕೂಲಿಯನ್ನು ಮೊದಲು ಎತ್ತಿಟ್ಟೇ ಮಾಡಿದೆವು. ಆಟಗಾರನ ಕಾಲುಗಳ ಆಯುಷ್ಯವು ಹತ್ತು ಹದಿನೈದು ವರ್ಷ. ಅದರಲ್ಲಿ ಒಂದರ್ಧ ವರ್ಷವನ್ನು ಕಳೆದುಕೊಂಡರೆ ಮರಳಿ ಕೊಡುವವರಾರು? ಬಂಡವಾಳಗಾರನು ಮುಂದಿನ ವರ್ಷ ಲಾಭವನ್ನು ಪಡೆದಾನು. ಮೂವತ್ತಮೂರರ ಆಟಗಾರನಿಗೆ ಮುಂದಿನ ವರ್ಷವೇ ಇಲ್ಲದಿರಬಹುದು.

ಆದುದರಿಂದ ನಾವು ಅಧಿಕಾರಿಗಳ ಮುಂದಿಡುವುದು ನಾಲ್ಕು ಮಾತುಗಳು. ಯಾವ ಕರಾರೇ ಆಗಲಿ, ಅದು ಮುಗಿಯುವುದಕ್ಕೆ ಎರಡು ವರ್ಷ ಮೊದಲೇ ಮುಂದಿನದು ನಿರ್ಣಯವಾಗತಕ್ಕದ್ದು. ಋತುವು ತೊಡಗುವ ಮೊದಲು ಪ್ರತಿಯೊಂದು ತಂಡವೂ ಆಟಗಾರರ ಆರು ತಿಂಗಳ ಸಂಬಳವನ್ನು ಠೇವಣಿಯಾಗಿ ಇಡತಕ್ಕದ್ದು. ಗೆದ್ದವರು ಮೇಲೇರುವ, ಸೋತವರು ಕೆಳಗಿಳಿಯುವ ಕ್ರಮವು ನಿರಂತರವಾಗಿ ನಡೆಯತಕ್ಕದ್ದು. ಹಾಗಾದರೆ ಸಣ್ಣ ಊರಿನ ತಂಡಕ್ಕೂ ಆಸೆಯಿರುವುದು. ಲೀಗಿನ ಆದಾಯದಲ್ಲಿ ನಿಶ್ಚಿತವಾದ ಒಂದು ಭಾಗವು ಜಿಲ್ಲೆಗಳ ಬಯಲುಗಳಿಗೆ ಸಲ್ಲತಕ್ಕದ್ದು.

ಕಡೆಯದಾದ ಮಾತು ನಮ್ಮ ವಾಚಕರಿಗೂ ಸಂಬಂಧಿಸಿದುದು. ಪುರಸಭೆಯ ಆಟದ ಬಯಲನ್ನು ಪ್ರದರ್ಶನಗಳಿಗೂ ಸಂತೆಗಳಿಗೂ ಸಭೆಗಳಿಗೂ ವರ್ಷದ ಅರ್ಧ ಕಾಲ ಬಾಡಿಗೆಗೆ ಕೊಡುವ ಠರಾವಿಗೆ ಕೈಯೆತ್ತುವವರಲ್ಲಿ ನಮ್ಮ ಓದುಗರೂ ಉಂಟು. ಹಾಗೆ ಕೈಯೆತ್ತಿ, ನೂರು ನಲವತ್ತು ಕೋಟಿ ಜನರ ದೇಶಕ್ಕೆ ಹನ್ನೊಂದು ಮಂದಿ ಸಿಕ್ಕುವುದಿಲ್ಲವೇಕೆಂದು ಸಂಜೆಯ ಚಹದ ಹೊತ್ತಿನಲ್ಲಿ ಚರ್ಚಿಸುವುದು ನ್ಯಾಯವೇ? ಇಡಗುಂಜಿಯ ಆ ಹುಡುಗರಿಗೆ ಗದ್ದೆಯು ದೊರೆಯುವುದು ಕೊಯ್ಲಿಗೂ ಮಳೆಗೂ ನಡುವಣ ಕೆಲವು ತಿಂಗಳು ಮಾತ್ರ. ಅಷ್ಟರಲ್ಲಿಯೇ ಅವರು ತಮ್ಮ ಋತುವನ್ನು ತಪ್ಪದೆ ನಡೆಸುತ್ತಾರೆ. ಅವರಿಗೆ ಟೆಂಡರೂ ಬೇಡ, ಕೋರ್ಟೂ ಬೇಡ. ಅವರಿಂದ ದೊಡ್ಡವರು ಕಲಿಯತಕ್ಕುದಿದೆ.