ಮರ ಕೊಯ್ಯುವ ಮಿಷನ್: ಎತ್ತುವ ಕೈ ನಿಮ್ಮದಾದರೆ ಆರಿಸುವ ಮಾತೂ ನಿಮ್ಮದಾಗಲಿ

ಹಾಲು ಉತ್ಪಾದಕ ಸಹೋದರಿಯರೇ,

ಮಳೆಗೆ ಮುಂಚೆ ಮರಗಸಿ, ಮಳೆಯಲ್ಲಿ ಗಾಳಿಗೆ ಬಿದ್ದ ಮರ, ಮಳೆ ಮುಗಿದ ಮೇಲೆ ಸೌದೆ. ಮಲೆನಾಡು, ಅರೆಮಲೆನಾಡಿನ ನಮ್ಮ ಊರುಗಳಲ್ಲಿ ಈ ಮೂರು ಕೆಲಸಕ್ಕೂ ಆಳು ಸಿಗುವುದು ಕಷ್ಟವಾಗಿದೆ. ಹಾಗಾಗಿ ಮನೆಮನೆಗೂ ಚೈನ್‌ಸಾ ಬರುತ್ತಿದೆ. ಅನೇಕ ಮನೆಗಳಲ್ಲಿ ಅದಕ್ಕೆ ಹೋಗುವ ದುಡ್ಡು ಹಾಲಿನ ಬಟವಾಡೆಯದು. ಆದರೆ ಅಂಗಡಿಯಲ್ಲಿ ನಿಂತು ಮಿಷನ್ ಆರಿಸುವವರಲ್ಲಿ ಹೆಂಗಸರು ಕಾಣುವುದಿಲ್ಲ. ಇದು ಬದಲಾಗಬೇಕು ಎಂಬುದು ನನ್ನ ವಾದ. ದುಡ್ಡು ನಿಮ್ಮದು ಎಂಬುದೊಂದೇ ಕಾರಣವಲ್ಲ. ಕೊಟ್ಟಿಗೆ, ಮೇವು, ಸೌದೆ ಮೂರನ್ನೂ ನೋಡಿಕೊಳ್ಳುವವರಿಗೆ ಮಾತ್ರ ತಿಳಿದಿರುವ ಕೆಲವು ಸಂಗತಿಗಳು ಈ ಆಯ್ಕೆಯಲ್ಲಿ ಅಡಗಿವೆ.

ಮೊದಲು ನಿಮ್ಮ ಬೇಲಿ, ತೋಟವನ್ನು ಒಮ್ಮೆ ಸುತ್ತಿ ಬನ್ನಿ. ಇರುವುದೆಲ್ಲ ಗೊಬ್ಬರದ ಗಿಡ, ಅಗಸೆ, ಸುಬಾಬುಲ್ ಆಗಿದ್ದರೆ, ಅದೂ ಹಸುವಿಗೆ ಸೊಪ್ಪು ತರಿಯಲು ಮಾತ್ರವಾದರೆ, ಮಿಷನ್ ಬೇಕಿಲ್ಲ. ಬೆರಳು ದಪ್ಪದ ಗೆಲ್ಲಿಗೆ ಕತ್ತಿ ಸಾಕು, ಎತ್ತರದ ಗೆಲ್ಲಿಗೆ ಕೋಲಿಗೆ ಕಟ್ಟಿದ ಗರಗಸ ಸಾಕು. ಒಂದು ಅಡಿ ದಪ್ಪದ ಸಿಲ್ವರ್ ಓಕ್, ಹಾಲುವಾಣ, ನೀಲಗಿರಿ ಕಡಿದು, ಕೊಂಬೆ ಸವರಿ, ತುಂಡು ಮಾಡುವ ಕೆಲಸ ವರ್ಷಕ್ಕೆ ಹಲವು ದಿನ ಇದ್ದರೆ ಮಾತ್ರ ಮಿಷನ್ನಿಗೆ ಕೈ ಹಾಕಿ.

ಹಾಗಾದರೆ ಎಂಥದ್ದು? ನಡು ಗಾತ್ರದ್ದು ಸರಿ: 40ರಿಂದ 50 ಸಿ.ಸಿ. ಎಂಜಿನ್, 16 ಅಥವಾ 18 ಇಂಚಿನ ಬಾರ್. ಅಂಗಡಿಯವರು 58 ಸಿ.ಸಿ., 22 ಇಂಚಿನದನ್ನು ಮುಂದಿಟ್ಟು, ದೊಡ್ಡದೂ ಅಗ್ಗವೂ ಎನ್ನುತ್ತಾರೆ. ಬಾರಿನ ಉದ್ದ ಮರದ ದಪ್ಪಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಸಾಕು. 16 ಇಂಚೆಂದರೆ 40 ಸೆಂ.ಮೀ. ನಮ್ಮ ತೋಟದ ಬಹುಪಾಲು ಮರ ಅದರೊಳಗೇ ಬರುತ್ತದೆ. ಉದ್ದ ಬಾರಿನ ತುದಿ ಎಲ್ಲಿ ತಾಗುತ್ತಿದೆ ಎಂದು ಕೊಂಬೆಗಳ ನಡುವೆ ಕಾಣುವುದೇ ಇಲ್ಲ. ಅಪಾಯ ಇರುವುದು ಅಲ್ಲೇ. ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಚಿಮ್ಮುತ್ತದೆ.

ತೂಕದ ಲೆಕ್ಕವನ್ನೂ ಸರಿಯಾಗಿ ಕೇಳಿ. ಪಟ್ಟಿಯಲ್ಲಿ ಬರೆದಿರುವುದು ಬಾರ್, ಚೈನ್, ಪೆಟ್ರೋಲ್, ಆಯಿಲ್ ಇಲ್ಲದ ತೂಕ. ಉದಾಹರಣೆಗೆ 45.4 ಸಿ.ಸಿ.ಯ ಸ್ಟಿಲ್ ಎಂ.ಎಸ್. 250ರ ತೂಕ 4.6 ಕೆ.ಜಿ. ಎಂದಿರುತ್ತದೆ. ಎಲ್ಲ ತುಂಬಿ ಎತ್ತಿದಾಗ ಅದು ಆರು ಕೆ.ಜಿ. ಹತ್ತಿರ ಬರುತ್ತದೆ. ಅದನ್ನು ಬಾಗಿ ಹಿಡಿದು ಒಂದು ಗಂಟೆ ಕೊಂಬೆ ಸವರಿದರೆ ಸೊಂಟವೇ ತೂಕ ಹೇಳುತ್ತದೆ. ಆದ್ದರಿಂದ ಎಲ್ಲ ತುಂಬಿಸಿಯೇ ಕೈಗೆ ತೆಗೆದುಕೊಳ್ಳಿ. ನೆಲದ ಮೇಲಿಟ್ಟು ಹಗ್ಗ ಎಳೆದು ನೀವೇ ಚಾಲೂ ಮಾಡಿ. ಮುಂದಿನ ಗಾರ್ಡನ್ನು ಮುಂದಕ್ಕೆ ತಳ್ಳಿದಾಗ ಚೈನ್ ತಟ್ಟನೆ ನಿಲ್ಲಬೇಕು. ಆಕ್ಸಿಲರೇಟರ್ ಬಿಟ್ಟಾಗ ಚೈನ್ ತಿರುಗಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಆ ಮಿಷನ್ ಬೇಡ. ಬಿಡಿಭಾಗ, ರಿಪೇರಿ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆಯೇ ಎಂದೂ ಕೇಳಿ. ನೂರು ಕಿಲೋಮೀಟರ್ ಆಚೆ ರಿಪೇರಿಯಾಗುವ ಅಗ್ಗದ ಮಿಷನ್ ಕೊನೆಗೆ ಅಗ್ಗವಾಗುವುದಿಲ್ಲ.

ಇನ್ನು ಹಸು ಸಾಕುವವರೇ ಯೋಚಿಸಬೇಕಾದ ಮಾತು. ಚೈನಿಗೆ ಹಾಕುವ ಎಣ್ಣೆ ಮತ್ತೆ ವಾಪಸಾಗುವುದಿಲ್ಲ, ಕೊಯ್ಯುವಾಗ ಪೂರಾ ಸೊಪ್ಪು, ಹೊಟ್ಟಿನ ಮೇಲೆ ಸಿಡಿಯುತ್ತದೆ. ದುಡ್ಡು ಉಳಿಸಲು ಹಲವರು ಟ್ರ್ಯಾಕ್ಟರ್, ಬೈಕಿನ ಸುಟ್ಟ ಆಯಿಲ್ ಹಾಕುತ್ತಾರೆ. ಅದರಲ್ಲಿ ಎಂಜಿನ್ ಸವೆದ ಲೋಹದ ಪುಡಿ, ವಿಷಕಾರಿ ಮಸಿ ಇರುತ್ತದೆ. ಅದೇ ಸೊಪ್ಪನ್ನು ಹಸುವಿನ ಮುಂದೆ ಹಾಕಬಹುದೇ? ಮೇವಿನ ಗೆಲ್ಲನ್ನು ಮೊದಲು ಕತ್ತಿಯಲ್ಲಿ ತರಿದುಕೊಳ್ಳಿ, ಆಮೇಲೆ ದಿಮ್ಮಿಗೆ ಮಿಷನ್ ಹಚ್ಚಿ. ಬೇಲಿ ಮರದಲ್ಲಿ ಹುದುಗಿದ ತಂತಿ, ಮೊಳೆಯನ್ನೂ ಹುಡುಕಿ ತೆಗೆಯಿರಿ. ಅದು ಚೈನನ್ನು ಹಾಳು ಮಾಡುವುದಷ್ಟೇ ಅಲ್ಲ, ತುಂಡಾಗಿ ಸೊಪ್ಪಿನೊಳಗೆ ಸೇರಿದರೆ ಹಸು ನುಂಗುತ್ತದೆ. ಹೊಟ್ಟೆಯಲ್ಲಿ ನಿಂತ ತಂತಿ ಹೃದಯದವರೆಗೂ ಚುಚ್ಚಬಲ್ಲದು.

ಸದ್ದೂ ಸಣ್ಣದಲ್ಲ. ಹಿಡಿದವರ ಕಿವಿಗೆ ನೂರು ಡೆಸಿಬಲ್ ಮೀರುತ್ತದೆ. ಬೆದರಿದ ಹಸು ಸೊರೆ ಬಿಡುವುದಿಲ್ಲ ಎಂದು ನಿಮಗೆ ಹೇಳಿಕೊಡಬೇಕಿಲ್ಲ. ಕರೆಯುವ ಹೊತ್ತಿಗೆ ಕೊಟ್ಟಿಗೆಯ ಹತ್ತಿರ ಮಿಷನ್ ಓಡಿಸಬೇಡಿ ಎಂದು ಮನೆಯವರಿಗೆ ಖಂಡಿತವಾಗಿ ಹೇಳಿ.

"ಇಷ್ಟೆಲ್ಲ ಅಪಾಯವಿದ್ದರೆ ಹೆಂಗಸರಿಗೆ ಯಾಕೆ ಈ ಉಸಾಬರಿ?" ಎಂದು ಕೇಳುವವರಿದ್ದಾರೆ. ಚೈನಿಗೆ ಗಂಡಸರ ಕಾಲು, ಹೆಂಗಸರ ಕಾಲು ಎಂಬ ಭೇದವಿಲ್ಲ. ಬೇಕಾದದ್ದು ತರಬೇತಿ ಮತ್ತು ರಕ್ಷಣೆ. ಮುಖದ ಜಾಲರಿ, ಕಿವಿ ಮುಚ್ಚುವ ಹೆಲ್ಮೆಟ್, ಚೈನ್ ತಡೆಯುವ ಕಾಲುಕವಚ, ಬೂಟು, ಗ್ಲೌಸ್ ಇವುಗಳ ಬೆಲೆಯನ್ನು ಮಿಷನ್ ಬೆಲೆಯ ಜೊತೆಗೇ ಸೇರಿಸಿ. ಸೇರಿಸಿದ ಮೇಲೆ ದುಡ್ಡು ಸಾಲದಿದ್ದರೆ ಇನ್ನಷ್ಟು ದಿನ ಕಾಯಿರಿ, ಕವಚ ಬಿಟ್ಟು ಮಿಷನ್ ಮಾತ್ರ ತರಬೇಡಿ. ಸೀರೆಯ ಸೆರಗು, ದುಪ್ಪಟ್ಟಾ, ಬಿಟ್ಟ ಜಡೆ ಈ ಕೆಲಸಕ್ಕೆ ಆಗುವುದಿಲ್ಲ. ಏಣಿಯ ಮೇಲೆ ನಿಂತು, ಭುಜಕ್ಕಿಂತ ಮೇಲೆತ್ತಿ ಕೊಯ್ಯಬಾರದು. ಮರ ಬೀಳಿಸುವಾಗ ಅದರ ಎತ್ತರದ ಎರಡರಷ್ಟು ದೂರದೊಳಗೆ ಮಕ್ಕಳು, ದನ ಇರಬಾರದು. ಕರೆಂಟ್ ತಂತಿಯ ಹತ್ತಿರದ ಮರಕ್ಕೆ ಮೊದಲು ಲೈನ್‌ಮ್ಯಾನ್ ಬರಲಿ. ಒಬ್ಬರೇ ಇದ್ದಾಗ ಮಿಷನ್ ಮುಟ್ಟಲೇಬಾರದು.

ಕಾನೂನನ್ನೂ ಮರೆಯಬೇಡಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ಸುಬಾಬುಲ್, ಗೊಬ್ಬರದ ಗಿಡದಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವುಗಳಿಗೆ ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕೊನೆಯದಾಗಿ, ಪ್ರತಿ ಮನೆಗೂ ಒಂದೊಂದು ಮಿಷನ್ ಯಾಕೆ? ವರ್ಷದ ಹೆಚ್ಚು ದಿನ ಅದು ಮೂಲೆಯಲ್ಲೇ ಇರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಟ್ಯಾಂಕಿನಲ್ಲೇ ಉಳಿದರೆ ನೀರಿನಂಶ ಹೀರಿ ಕಾರ್ಬ್ಯುರೇಟರ್ ಕಟ್ಟಿಕೊಳ್ಳುತ್ತದೆ, ಖಾಲಿ ಮಾಡಿಯೇ ಇಡಬೇಕು. ಹತ್ತು ಮನೆ ಸೇರಿ ಒಂದು ಒಳ್ಳೆಯ ಮಿಷನ್, ಎರಡು ಜೊತೆ ಕವಚ ಕೊಳ್ಳುವುದು ಜಾಣತನ. ಆದರೆ ಹತ್ತೂ ಮನೆಯವರು ಅದನ್ನು ಓಡಿಸುವುದು ಬೇಡ. ತರಬೇತಿ ಪಡೆದ ಇಬ್ಬರೇ ಓಡಿಸಲಿ, ಅವರಿಗೆ ಗಂಟೆಯ ಲೆಕ್ಕದಲ್ಲಿ ಕೂಲಿ ಸಿಗಲಿ. ಆ ಇಬ್ಬರಲ್ಲಿ ಒಬ್ಬಳಾದರೂ ಹೆಂಗಸಿರಲಿ. ಚೈನ್ ಅರ ಹಾಕುವ ಹೊಣೆಯೂ ಅವರದೇ ಆಗಲಿ. ಹೊಟ್ಟು ಚಕ್ಕೆಯಂತೆ ಬೀಳುವ ಬದಲು ಹಿಟ್ಟಿನಂತೆ ಉದುರಿದರೆ ಚೈನ್ ಮೊಂಡಾಗಿದೆ ಎಂದರ್ಥ.

ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಈ ವರ್ಷ ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ, ಬಾಡಿಗೆಗೆ ಸಿಗುತ್ತದೆಯೇ ಎಂದು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಕೇಳಿ. ಕೊಳ್ಳುವುದೆಂದು ತೀರ್ಮಾನವಾದರೆ ಅಂಗಡಿಗೆ ನೀವೂ ಹೋಗಿ, ಎತ್ತಿ ನೋಡಿ, ಚಾಲೂ ಮಾಡಿ ನೋಡಿ. ಕೈಗೆ ಒಗ್ಗದಿದ್ದರೆ ಬೇಡ ಎಂದು ಹೇಳಿ ಬನ್ನಿ.